ಮೇನ್‌ಫ್ರೇಮ್ ಸೆಷನ್ ಕಟ್ ಮಾಡಿದ್ದು ಯಾರು?

ಅಮೆರಿಕದಲ್ಲೋ ಯುರೋಪಿನಲ್ಲೋ ಇರುವ ಬ್ಯಾಂಕು, ವಿಮಾ ಕಂಪನಿಗಳ ಮೇನ್‌ಫ್ರೇಮ್‌ಗಳನ್ನು, ಅಂದರೆ ಅವರ ಲೆಕ್ಕಾಚಾರವೆಲ್ಲ ನಡೆಯುವ ದೊಡ್ಡ ಕಂಪ್ಯೂಟರುಗಳನ್ನು, ಬೆಂಗಳೂರಿನಲ್ಲಿ ಕೂತು ನೋಡಿಕೊಳ್ಳುವವರು ಬಹಳ ಜನ. ಅವರಲ್ಲಿ ಯಾರನ್ನೇ ಕೇಳಿ, ಒಂದು ದೂರಂತೂ ಗ್ಯಾರಂಟಿ: ಟೀ ಕುಡಿದು ಬರುವಷ್ಟರಲ್ಲಿ ಸೆಷನ್, ಅಂದರೆ ಲಾಗಾನ್ ಆಗಿ ತೆರೆದಿಟ್ಟ ಸಂಪರ್ಕ, ಹೋಗಿರುತ್ತದೆ. ಎಲ್ಲರೂ ಮೊದಲು ಗೂಬೆ ಕೂರಿಸುವುದು ನೆಟ್‌ವರ್ಕ್ ತಂಡದ ಮೇಲೆ. ಅವರು ಮೇನ್‌ಫ್ರೇಮ್ ತಂಡದ ಕಡೆ ಕೈ ತೋರಿಸುತ್ತಾರೆ. ದೂರಿನ ಟಿಕೆಟ್ ಮಾತ್ರ ಅತ್ತಿಂದಿತ್ತ ಓಡಾಡುತ್ತಿರುತ್ತದೆ.

ಇಬ್ಬರ ಮಾತಿನಲ್ಲೂ ಸ್ವಲ್ಪ ನಿಜ ಇದೆ. ಯಾಕೆ ಅಂತ ಗೊತ್ತಾಗಬೇಕಾದರೆ 1971ರಲ್ಲಿ ಐಬಿಎಂ ತಂದ 3270 ಟರ್ಮಿನಲ್ (ಮೇನ್‌ಫ್ರೇಮ್ ಬಳಸುವ ಪರದೆ ಮತ್ತು ಕೀಬೋರ್ಡ್) ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕು. ಇದರಲ್ಲಿ ನೀವು ಒತ್ತಿದ ಅಕ್ಷರ ಆಗಿಂದಾಗಲೇ ಕಂಪ್ಯೂಟರಿಗೆ ಹೋಗುವುದಿಲ್ಲ. ಬ್ಯಾಂಕಿನಲ್ಲಿ ಚಲನ್ ಪೂರ್ತಿ ತುಂಬಿ ಆಮೇಲೆ ಕೌಂಟರಿಗೆ ಕೊಡುತ್ತೇವಲ್ಲ, ಹಾಗೆ. ಎಂಟರ್ ಅಥವಾ ಪಿಎಫ್ (ಫಂಕ್ಷನ್) ಕೀ ಒತ್ತಿದಾಗ ಮಾತ್ರ ಪರದೆಯಲ್ಲಿ ತುಂಬಿದ್ದೆಲ್ಲ ಒಟ್ಟಿಗೆ ಹೋಗುತ್ತದೆ. ಈಗ ಆ ದಪ್ಪ ಪೆಟ್ಟಿಗೆ ಬದಲು ಲ್ಯಾಪ್‌ಟಾಪಿನಲ್ಲಿ ಅದನ್ನೇ ಅನುಕರಿಸುವ ಎಮ್ಯುಲೇಟರ್ ಪ್ರೋಗ್ರಾಂ ಇದೆ, ಕೇಬಲ್ ಬದಲು ಟಿಎನ್3270 ಅನ್ನುವ ಟೆಲ್ನೆಟ್ ಸಂಪರ್ಕ ಇದೆ, ಆದರೆ ಅಭ್ಯಾಸ ಅದೇ. ಹಾಗಾಗಿ ಒಂದೇ ಪರದೆಯಲ್ಲಿ ಕೋಬಾಲ್ ಭಾಷೆಯ ಪ್ರೋಗ್ರಾಂ ಓದುತ್ತಾ, ತಿದ್ದುತ್ತಾ ಎಷ್ಟೇ ಬೆವರು ಸುರಿಸಿದರೂ ನೆಟ್‌ವರ್ಕಿನ ಕಣ್ಣಿಗೆ ನೀವು ಸುಮ್ನೆ ಕೂತವರೇ.

ಸುಮ್ಮನಿದ್ದವರನ್ನು ಹೊರಗೆ ಹಾಕುವ ಗಡಿಯಾರಗಳು ದಾರಿಯುದ್ದಕ್ಕೂ ಇವೆ. ಮೊದಲನೆಯದು ಮಧ್ಯದ ಫೈರ್‌ವಾಲ್, ನೆಟ್‌ವರ್ಕಿನ ಕಾವಲುಗಾರ. ಮಾತುಕತೆ ಇಲ್ಲದ ಸಂಪರ್ಕವನ್ನು ಅದು ಇಷ್ಟು ಹೊತ್ತಾದ ಮೇಲೆ ತನ್ನ ಪಟ್ಟಿಯಿಂದ ಅಳಿಸುತ್ತದೆ, ಎಷ್ಟೋ ಸಲ ಎರಡೂ ಕಡೆಗೆ ಏನೂ ಹೇಳದೆ. ಕೆಲವು ಕಡೆ ಇದು 1 ಗಂಟೆ, ಕೆಲವು ಕಡೆ ಬರೀ ಕೆಲವು ನಿಮಿಷ. ಇದನ್ನು ತಡೆಯೋದಕ್ಕೆ ಈ ಸಂಪರ್ಕವನ್ನು ನಡೆಸುವ ಟಿಸಿಪಿಯಲ್ಲಿ ಕೀಪ್‌ಅಲೈವ್, ಅಂದರೆ ‘ಇನ್ನೂ ಇದ್ದೇನೆ’ ಅಂತ ಹೇಳುವ ಪುಟ್ಟ ಸಂದೇಶ, ಇದೆಯಲ್ಲ ಅನ್ನಬಹುದು. ಇದೆ, ಆದರೆ ವಿಂಡೋಸ್, ಲಿನಕ್ಸ್ ಎರಡರಲ್ಲೂ ಅದರ ಮೊದಲ ಸಂದೇಶ ಹೊರಡುವುದು 2 ಗಂಟೆ ಸುಮ್ಮನಿದ್ದ ಮೇಲೆ, ಅದೂ ಪ್ರೋಗ್ರಾಂ ಕೇಳಿಕೊಂಡಿದ್ದರೆ ಮಾತ್ರ. ಅಷ್ಟರಲ್ಲಿ ಫೈರ್‌ವಾಲ್ ನಿಮ್ಮ ಸಂಪರ್ಕವನ್ನು ಮರೆತೇ ಬಿಟ್ಟಿರುತ್ತದೆ.

ಎರಡನೆಯದು ಮೇನ್‌ಫ್ರೇಮಿನ ಟೆಲ್ನೆಟ್ ಸರ್ವರ್, ಅದರ ಇನ್‌ಆ್ಯಕ್ಟಿವ್ ಸೆಟ್ಟಿಂಗ್: ಎಷ್ಟು ಹೊತ್ತು ಸುಮ್ಮನಿದ್ದರೆ ಸಂಪರ್ಕ ಕಡಿಯಬೇಕು ಅನ್ನುವುದು. ಮೂರನೆಯದು ಟಿಎಸ್‌ಒ (ಲಾಗಾನ್ ಆಗಿ ಕೆಲಸ ಮಾಡುವ ಮೇನ್‌ಫ್ರೇಮಿನ ಒಳಗಿನ ವ್ಯವಸ್ಥೆ) ಬಳಕೆದಾರರನ್ನು ಕಾಯುವ ಜೆಡಬ್ಲ್ಯುಟಿ, ಅಂದರೆ ಕಾಯುವ ಸಮಯದ ಮಿತಿ. ಯಾರೂ ಬದಲಾಯಿಸದಿದ್ದರೆ ಇದು 10 ನಿಮಿಷ. ಮೀರಿದರೆ ಎಸ್522 ಅಬೆಂಡ್, ಅಂದರೆ ಆ ಸಂಖ್ಯೆ ಹೇಳಿ ಸೆಷನ್ ಅನ್ನು ಬಲವಂತವಾಗಿ ಮುಗಿಸುತ್ತದೆ.

ಯಾವ ಗಡಿಯಾರ ಬಾರಿಸಿತು ಅಂತ ಹಿಡಿಯೋದು ಅಷ್ಟು ಕಷ್ಟ ಅಲ್ಲ. ಮೇನ್‌ಫ್ರೇಮಿನ ಲಾಗ್‌ನಲ್ಲಿ ಆ 522 ಇದ್ದರೆ ನೆಟ್‌ವರ್ಕಿನವರನ್ನು ಬಿಟ್ಟುಬಿಡಿ. ಪ್ರತಿ ಸಲ ಅಷ್ಟೇ ನಿಮಿಷಕ್ಕೆ ಹೋಗುತ್ತಿದ್ದರೆ ಎಲ್ಲೋ ಒಂದು ಟೈಮರ್. ಹೊತ್ತುಗೊತ್ತಿಲ್ಲದೆ, ಟೈಪ್ ಮಾಡಿ ಎಂಟರ್ ಒತ್ತುತ್ತಿರುವಾಗಲೂ ಹೋದರೆ ವೈಫೈ ಅಥವಾ ವಿಪಿಎನ್ ನೋಡಿ. ಎಲ್ಲರದ್ದೂ ಒಂದೇ ಕ್ಷಣಕ್ಕೆ ಹೋದರೆ ನಿಮ್ಮ ಲ್ಯಾಪ್‌ಟಾಪ್ ಕೆದಕಬೇಡಿ. ಇನ್ನು, ಪರದೆ ನೋಡೋದಕ್ಕೆ ಚೆನ್ನಾಗಿಯೇ ಇದ್ದು, ಎಂಟರ್ ಒತ್ತಿದ ಮೇಲೆ ಕೆಳಗಿನ ಸಾಲಿನಲ್ಲಿ ಎಕ್ಸ್ ಮತ್ತು ಪುಟ್ಟ ಗಡಿಯಾರ ಬಂದು ಹಾಗೇ ನಿಂತುಬಿಟ್ಟರೆ ನನ್ನ ಮೊದಲ ಅನುಮಾನ ಫೈರ್‌ವಾಲ್ ಮೇಲೆ.

ಎಮ್ಯುಲೇಟರ್‌ನಲ್ಲಿ ಕೀಪ್‌ಅಲೈವ್ ಆನ್ ಮಾಡಿ, ಫೈರ್‌ವಾಲಿನ ಅವಧಿಗಿಂತ ಕಡಿಮೆ ಇಟ್ಟರೆ ಆ ಕಾಟ ತಪ್ಪುತ್ತದೆ. ಆದರೆ ಎಸ್522 ತಪ್ಪುವುದಿಲ್ಲ, ಯಾಕಂದ್ರೆ ಕೀಪ್‌ಅಲೈವ್ ಸರ್ವರಿನ ಬಾಗಿಲವರೆಗೆ ಮಾತ್ರ ಹೋಗುತ್ತದೆ, ಒಳಗಿರುವ ಟಿಎಸ್‌ಒಗೆ ಅದು ಗೊತ್ತೇ ಆಗುವುದಿಲ್ಲ. ಕೆಲವರು ಆಗಾಗ ಎಂಟರ್ ಒತ್ತುವ ಮ್ಯಾಕ್ರೋ ಹಾಕಿಕೊಳ್ಳುತ್ತಾರೆ. ನನಗದು ಇಷ್ಟವಿಲ್ಲ, ಕರ್ಸರ್ ಎಲ್ಲಿರುತ್ತೋ ಏನೋ, ಅಲ್ವಾ? ತೆರೆದಿಟ್ಟ ಸೆಷನ್‌ಗೆ ಬೇರೆಯವರು ಕೈ ಹಾಕಬಾರದು ಅಂತಲೇ ಆ ಗಡಿಯಾರ ಇಟ್ಟಿರೋದು.

ಸಂಪರ್ಕ ಸದ್ದಿಲ್ಲದೆ ಸತ್ತಾಗ ಇನ್ನೊಂದು ತಲೆನೋವು ಇದೆ. ನೀವು ಹೋಗಿದ್ದು ಮೇನ್‌ಫ್ರೇಮಿಗೆ ಗೊತ್ತಿರುವುದಿಲ್ಲ. ಮತ್ತೆ ಲಾಗಾನ್ ಆಗಲು ಹೋದರೆ ನಿಮ್ಮ ಯೂಸರ್ ಐಡಿ ಬಳಕೆಯಲ್ಲಿದೆ ಅಂತ ಐಕೆಜೆ56425ಐ ಸಂದೇಶ ಬರುತ್ತದೆ. ಆಪರೇಟರಿಗೆ ಫೋನ್ ಮಾಡುವ ಮೊದಲು ಲಾಗಾನ್ ಪರದೆಯ ಕೆಳಗೆ ನೋಡಿ, ರಿಕನೆಕ್ಟ್ ಅಂತ ಒಂದು ಆಯ್ಕೆ ಇದೆ. ಅದರ ಮುಂದೆ ಎಸ್ (S) ಅಕ್ಷರ ಹಾಕಿ ಎಂಟರ್ ಒತ್ತಿದರೆ ಬಹಳ ಸಲ ಬಿಟ್ಟ ಕಡೆಗೇ ವಾಪಸ್ ಹೋಗಬಹುದು.