ಸಮೀಕರಣ ನೋಡಿ ವಕ್ರರೇಖೆ ಗುರುತಿಸುವಾಗ ಕೊನೆಯ ಸ್ಥಿರಾಂಕವನ್ನು ಮರೆಯಬೇಡಿ

ಪ್ರಥಮ ಪಿಯುಸಿಯ ಶಂಕುಜಗಳ (ವೃತ್ತ, ದೀರ್ಘವೃತ್ತ, ಪರವಲಯ, ಅತಿಪರವಲಯ ಎಂಬ ವಕ್ರರೇಖೆಗಳ) ಪಾಠ ಓದಿದವರ ಮುಂದೆ ಒಂದು ಸಮೀಕರಣ ಇಟ್ಟು ‘ಇದು ಯಾವ ವಕ್ರರೇಖೆ?’ ಎಂದು ಕೇಳಿದರೆ ಉತ್ತರ ಥಟ್ಟನೆ ಬರುತ್ತದೆ. ವರ್ಗಪದ ಒಂದೇ ಇದ್ದರೆ ಪರವಲಯ. ಎರಡಿದ್ದು ಸಹಗುಣಕಗಳು ಸಮವಾಗಿದ್ದರೆ ವೃತ್ತ. ಚಿಹ್ನೆ ಒಂದೇ ಆಗಿ ಬೆಲೆ ಬೇರೆಯಾದರೆ ದೀರ್ಘವೃತ್ತ, ಚಿಹ್ನೆಯೇ ಬೇರೆಯಾದರೆ ಅತಿಪರವಲಯ. ನಿಯಮದಲ್ಲಿ ತಪ್ಪಿಲ್ಲ. ಆದರೆ ಅದು ಹೇಳುವುದು ‘ವಕ್ರರೇಖೆ ಅಂತ ಒಂದು ಇದ್ದರೆ ಅದು ಇಂಥದ್ದು’ ಎಂಬಷ್ಟನ್ನು ಮಾತ್ರ. ಅದು ಇದೆಯೇ, ಎಲ್ಲಿದೆ, ಯಾವ ಕಡೆಗೆ ತೆರೆದಿದೆ ಎಂಬುದೆಲ್ಲ ವರ್ಗವನ್ನು ಪೂರ್ಣಗೊಳಿಸಿದ ಮೇಲೆ ಬಲಗಡೆ ಉಳಿಯುವ ಸಂಖ್ಯೆಯನ್ನು ನೋಡಿದಾಗಲೇ ಗೊತ್ತಾಗುವುದು.

ಬರವಣಿಗೆಯ ಅನುಕೂಲಕ್ಕೆ ಪಠ್ಯಪುಸ್ತಕದ ಎಕ್ಸ್ ಅನ್ನು ಇಲ್ಲಿ ಕ್ಷ ಎಂದೂ ವೈ ಅನ್ನು ಯ ಎಂದೂ ಬರೆದಿದ್ದೇನೆ. ಎರಡರ ಗುಣಲಬ್ಧ ಕ್ಷ·ಯ.

ಈ ಸಮೀಕರಣವನ್ನು ತೆಗೆದುಕೊಳ್ಳಿ:

9ಕ್ಷ² + 4ಯ² − 36ಕ್ಷ + 24ಯ + 36 = 0

ಎರಡೂ ವರ್ಗಪದಗಳು ಧನ, ಸಹಗುಣಕಗಳು ಬೇರೆ. ಹಾಗಾಗಿ ದೀರ್ಘವೃತ್ತ ಇರಬೇಕು. ಈಗ ಕ್ಷ ಇರುವ ಪದಗಳನ್ನು ಒಂದು ಗುಂಪು, ಯ ಇರುವ ಪದಗಳನ್ನು ಇನ್ನೊಂದು ಗುಂಪು ಮಾಡಿ, ಸ್ಥಿರಾಂಕವನ್ನು ಬಲಕ್ಕೆ ಕಳಿಸಿ, ವರ್ಗಪದದ ಸಹಗುಣಕವನ್ನು ಆವರಣದಿಂದ ಹೊರಗೆ ತೆಗೆಯಬೇಕು:

9(ಕ್ಷ² − 4ಕ್ಷ) + 4(ಯ² + 6ಯ) = −36

ಮೊದಲ ಆವರಣದಲ್ಲಿ −4ರ ಅರ್ಧ −2, ಅದರ ವರ್ಗ 4. ಎರಡನೆಯದರಲ್ಲಿ 6ರ ಅರ್ಧ 3, ವರ್ಗ 9. ಎಡಗಡೆ ಆವರಣದೊಳಗೆ 4 ಮತ್ತು 9 ಸೇರಿಸುತ್ತೇವೆ. ಬಲಗಡೆ ಎಷ್ಟು ಸೇರಿಸಬೇಕು? ಹೆಚ್ಚಿನವರು 4 + 9 = 13 ಎಂದು ಬರೆದುಬಿಡುತ್ತಾರೆ. ಆವರಣದ ಹೊರಗೆ 9 ಮತ್ತು 4 ಕಾದು ನಿಂತಿವೆ ಎಂಬುದು ಮರೆತುಹೋಗಿರುತ್ತದೆ. ನಿಜವಾಗಿ ಎಡಕ್ಕೆ ಸೇರಿದ್ದು 9 × 4 = 36 ಮತ್ತು 4 × 9 = 36, ಒಟ್ಟು 72. ಆದ್ದರಿಂದ

9(ಕ್ಷ − 2)² + 4(ಯ + 3)² = −36 + 72 = 36

36ರಿಂದ ಭಾಗಿಸಿದರೆ (ಕ್ಷ − 2)²/4 + (ಯ + 3)²/9 = 1. ಕೇಂದ್ರ (2, −3). ದೊಡ್ಡ ಛೇದ 9 ಇರುವುದು ಯ ಕೆಳಗೆ, ಹಾಗಾಗಿ ದೀರ್ಘ ಅಕ್ಷ ನೆಟ್ಟಗೆ ನಿಂತಿದೆ. ಅರ್ಧ ಅಕ್ಷಗಳು 3 ಮತ್ತು 2. ನಾಭಿಗಳು ಕೇಂದ್ರದಿಂದ ಮೇಲಕ್ಕೂ ಕೆಳಕ್ಕೂ √(9 − 4) = √5 ದೂರದಲ್ಲಿವೆ. ಉತ್ಕೇಂದ್ರತೆ, ಅಂದರೆ ನಾಭಿಯ ದೂರವನ್ನು ಅರ್ಧ ದೀರ್ಘ ಅಕ್ಷದಿಂದ ಭಾಗಿಸಿದ ಬೆಲೆ, √5/3, ಸುಮಾರು 0.745.

13 ಸೇರಿಸಿದವರ ಗತಿ ನೋಡಿ. ಬಲಗಡೆ −23 ಬರುತ್ತದೆ. ಎರಡು ವರ್ಗಗಳ ಮೊತ್ತ ಋಣವಾಗಲು ಸಾಧ್ಯವಿಲ್ಲ, ಆದ್ದರಿಂದ ‘ಇಂಥ ವಕ್ರರೇಖೆಯೇ ಇಲ್ಲ’ ಎಂದು ಬರೆಯಬೇಕಾಗುತ್ತದೆ. ತರ್ಕ ಸರಿ, ಲೆಕ್ಕ ತಪ್ಪು. ಇದನ್ನು ಹಿಡಿಯಲು ಸುಲಭ ದಾರಿಯೊಂದಿದೆ: ಉತ್ತರದಿಂದ ಒಂದು ಶೃಂಗವನ್ನು (ದೀರ್ಘ ಅಕ್ಷದ ತುದಿಯನ್ನು) ತೆಗೆದು ಮೂಲ ಸಮೀಕರಣಕ್ಕೆ ಹಾಕಿ ನೋಡುವುದು. ಇಲ್ಲಿ ಮೇಲಿನ ಶೃಂಗ (2, 0). ಹಾಕಿದರೆ 36 + 0 − 72 + 0 + 36 = 0. ಕೂಡಿ ಬಂತು. ಕೇಂದ್ರವನ್ನು ಹಾಕಿ ನೋಡುವವರೂ ಇದ್ದಾರೆ. ಕೇಂದ್ರ ವಕ್ರರೇಖೆಯ ಮೇಲೆ ಇರುವುದಿಲ್ಲವಲ್ಲ, ಅದು ಸೊನ್ನೆ ಕೊಡದಿದ್ದರೆ ಗಾಬರಿಯಾಗಬೇಕಿಲ್ಲ.

ಇನ್ನು ಕೊನೆಯ 36 ಒಂದನ್ನೇ ಬದಲಾಯಿಸೋಣ. ಅದರ ಜಾಗದಲ್ಲಿ 72 ಬಂದರೆ ಬಲಗಡೆ ಸೊನ್ನೆ. ಆಗ ಎರಡೂ ವರ್ಗಗಳು ಸೊನ್ನೆಯಾಗಲೇಬೇಕು, ಇಡೀ ದೀರ್ಘವೃತ್ತ ಕುಗ್ಗಿ (2, −3) ಎಂಬ ಒಂದೇ ಬಿಂದು ಉಳಿಯುತ್ತದೆ. 100 ಬಂದರೆ ಬಲಗಡೆ −28, ಅಂದರೆ ಒಂದು ಬಿಂದುವೂ ಇಲ್ಲ. ಮೂರರಲ್ಲೂ ವರ್ಗಪದಗಳು 9ಕ್ಷ² ಮತ್ತು 4ಯ² ಆಗಿಯೇ ಇವೆ. ಸಹಗುಣಕ ಮಾತ್ರ ನೋಡಿದವರು ಮೂರಕ್ಕೂ ‘ದೀರ್ಘವೃತ್ತ’ ಎಂದೇ ಬರೆಯುತ್ತಾರೆ.

ವೃತ್ತಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಇನ್ನೊಂದು ಎಡವಟ್ಟೂ ಸೇರಿಕೊಳ್ಳುತ್ತದೆ. 2ಕ್ಷ² + 2ಯ² − 8ಕ್ಷ + 12ಯ − 6 = 0 ಎಂದು ಕೊಟ್ಟಾಗ ಕಂಠಪಾಠವಾಗಿರುವ (−ಜಿ, −ಎಫ್) ಸೂತ್ರ (ಕ್ಷ ಮತ್ತು ಯ ಪದಗಳ ಸಹಗುಣಕಗಳು 2ಜಿ, 2ಎಫ್) ಹಾಕಿ ಕೇಂದ್ರ (4, −6) ಎನ್ನುತ್ತಾರೆ. ಆ ಸೂತ್ರ ನಡೆಯುವುದು ವರ್ಗಪದಗಳ ಸಹಗುಣಕ 1 ಆಗಿದ್ದಾಗ ಮಾತ್ರ. ಮೊದಲು 2ರಿಂದ ಭಾಗಿಸಿದರೆ ಕ್ಷ² + ಯ² − 4ಕ್ಷ + 6ಯ − 3 = 0. ಕೇಂದ್ರ (2, −3), ತ್ರಿಜ್ಯ √(4 + 9 + 3) = 4.

ಸಹಗುಣಕಗಳು ‘ಹೆಚ್ಚುಕಮ್ಮಿ ಸಮ’ ಇದ್ದರೆ ವೃತ್ತವೇ ಎಂದುಕೊಳ್ಳಬಾರದು. ಭೂಮಿಯ ಕಕ್ಷೆಯ ಉತ್ಕೇಂದ್ರತೆ ಸುಮಾರು 0.0167. ಅರ್ಧ ದೀರ್ಘ ಅಕ್ಷ ಸುಮಾರು 14.96 ಕೋಟಿ ಕಿಲೋಮೀಟರ್, ಅರ್ಧ ಹ್ರಸ್ವ ಅಕ್ಷ ಅದಕ್ಕಿಂತ ಕಡಿಮೆಯಿರುವುದು ಬರೀ 21,000 ಕಿಲೋಮೀಟರ್‌ನಷ್ಟು. ಅರ್ಧ ದೀರ್ಘ ಅಕ್ಷಕ್ಕೆ 10 ಸೆಂಟಿಮೀಟರ್ ಇಟ್ಟು ಕಾಗದದ ಮೇಲೆ ಬರೆದರೆ ಇನ್ನೊಂದು 9.9986 ಸೆಂಟಿಮೀಟರ್. ಪೆನ್ಸಿಲ್ ಗೆರೆಯ ದಪ್ಪದಲ್ಲೇ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. ಆದರೆ ನಾಭಿಯಲ್ಲಿರುವ ಸೂರ್ಯ ಕೇಂದ್ರದಿಂದ ಸುಮಾರು 25 ಲಕ್ಷ ಕಿಲೋಮೀಟರ್ ಆಚೆ ಇರುತ್ತಾನೆ, ಅದೇ ಚಿತ್ರದಲ್ಲಿ 1.67 ಮಿಲಿಮೀಟರ್. ಕಣ್ಣಿಗೆ ವೃತ್ತ, ಸಮೀಕರಣಕ್ಕೆ ದೀರ್ಘವೃತ್ತ. ಇಲ್ಲಿ ನಂಬಬೇಕಾದ್ದು ಸಮೀಕರಣವನ್ನು.

ಅತಿಪರವಲಯದಲ್ಲಿ ಬಲಗಡೆಯ ಸಂಖ್ಯೆಯ ಕೆಲಸವೇ ಬೇರೆ.

4ಕ್ಷ² − 9ಯ² − 16ಕ್ಷ − 54ಯ − 101 = 0

ಇಲ್ಲಿ ಜಾರುವ ಜಾಗ −9 ಹೊರತೆಗೆಯುವುದು. −9ಯ² − 54ಯ ಎಂಬುದು −9(ಯ² + 6ಯ) ಆಗುತ್ತದೆ, ಒಳಗೆ ಕೂಡುವ ಚಿಹ್ನೆ. ಅವಸರದಲ್ಲಿ −9(ಯ² − 6ಯ) ಎಂದು ಬರೆದರೆ ಕೇಂದ್ರ ಅಕ್ಷದ ಆಚೆ ಕಡೆಗೆ ಹಾರಿಬಿಡುತ್ತದೆ. ಬಲಕ್ಕೆ ಸೇರಿಸುವಾಗಲೂ ಎಚ್ಚರ: ಒಳಗೆ 9 ಸೇರಿಸಿದರೂ ಹೊರಗಿನ −9ರಿಂದಾಗಿ ಬಲಕ್ಕೆ ಹೋಗುವುದು −81. ಲೆಕ್ಕ 101 + 16 − 81 = 36.

(ಕ್ಷ − 2)²/9 − (ಯ + 3)²/4 = 1

ಇದು ಎಡಕ್ಕೂ ಬಲಕ್ಕೂ ತೆರೆದ ಅತಿಪರವಲಯ. ದಿಕ್ಕು ಹೇಗೆ ಗೊತ್ತಾಯಿತು? ಧನ ಚಿಹ್ನೆ ಕ್ಷ ಪದಕ್ಕಿರುವುದರಿಂದ. ‘ದೊಡ್ಡ ಛೇದ ಯಾವುದರ ಕೆಳಗಿದೆ’ ಎಂಬ ಪ್ರಶ್ನೆ ದೀರ್ಘವೃತ್ತಕ್ಕೆ ಸೇರಿದ್ದು, ಅದನ್ನು ಇಲ್ಲಿಗೆ ತರಬಾರದು. ಈ ಉದಾಹರಣೆಯಲ್ಲಿ ಎರಡೂ ಪ್ರಶ್ನೆಗೆ ಒಂದೇ ಉತ್ತರ ಬರುವುದರಿಂದ ತಪ್ಪು ನಿಯಮ ಹಾಕಿದವರೂ ಪಾರಾಗುತ್ತಾರೆ. ಕ್ಷ²/4 − ಯ²/9 = 1 ಕೊಟ್ಟರೆ ಸಿಕ್ಕಿಬೀಳುತ್ತಾರೆ. ದೊಡ್ಡ ಛೇದ ಯ ಕೆಳಗಿದ್ದರೂ ಅದು ತೆರೆಯುವುದು ಅಕ್ಕಪಕ್ಕಕ್ಕೇ. ನಾಭಿಯ ದೂರಕ್ಕೂ ಹೀಗೆಯೇ: ದೀರ್ಘವೃತ್ತದಲ್ಲಿ ಛೇದಗಳನ್ನು ಕಳೆಯಬೇಕು, ಇಲ್ಲಿ ಕೂಡಬೇಕು. ಮೇಲಿನದರಲ್ಲಿ ಅದು √13.

ಈಗ −101ರ ಜಾಗದಲ್ಲಿ −65 ಇಡಿ. ಬಲಗಡೆ ಸೊನ್ನೆಯಾಗಿ 4(ಕ್ಷ − 2)² = 9(ಯ + 3)² ಉಳಿಯುತ್ತದೆ. ವರ್ಗಮೂಲ ತೆಗೆದರೆ 2ಕ್ಷ − 3ಯ − 13 = 0 ಮತ್ತು 2ಕ್ಷ + 3ಯ + 5 = 0, ಕೇಂದ್ರದಲ್ಲಿ ಅಡ್ಡ ಹಾಯುವ ಎರಡು ಸರಳರೇಖೆಗಳು. ಮೂಲ ಅತಿಪರವಲಯದ ಅನಂತಸ್ಪರ್ಶಕಗಳೂ, ಅಂದರೆ ವಕ್ರರೇಖೆ ದೂರ ಹೋದಂತೆ ಹತ್ತಿರವಾಗುತ್ತಾ ಮುಟ್ಟದೇ ಉಳಿಯುವ ರೇಖೆಗಳೂ, ಇವೇ. ಸ್ಥಿರಾಂಕವನ್ನು −29 ಮಾಡಿದರೆ ಬಲಗಡೆ −36 ಬಂದು ಚಿಹ್ನೆಗಳು ತಿರುವುಮುರುವಾಗುತ್ತವೆ, ವಕ್ರರೇಖೆ ಮೇಲಕ್ಕೂ ಕೆಳಕ್ಕೂ ತೆರೆದುಕೊಳ್ಳುತ್ತದೆ. ದೀರ್ಘವೃತ್ತದ ಹಾಗೆ ಅತಿಪರವಲಯ ಮಾಯವಾಗುವುದೇ ಇಲ್ಲ.

ಪರವಲಯದ್ದು ಹೆಚ್ಚು ತಕರಾರಿಲ್ಲ. ಯ² − 8ಕ್ಷ − 6ಯ + 25 = 0 ಎಂಬುದು (ಯ − 3)² = 8(ಕ್ಷ − 2) ಆಗುತ್ತದೆ: ಶೃಂಗ (2, 3), ನಾಭಿ (4, 3), ನಿಯತರೇಖೆ ಕ್ಷ = 0. ವರ್ಗ ಇರುವ ಅಕ್ಷರದ ಕಡೆಗೆ ತೆರೆಯುತ್ತದೆ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ತೆರೆಯುವುದು ವರ್ಗ ಇಲ್ಲದ ಅಕ್ಷರದ ಕಡೆಗೆ. ಆ ಅಕ್ಷರ ಇಲ್ಲದೇ ಹೋದರೆ ಪರವಲಯವೇ ಇಲ್ಲ. ಯ² − 6ಯ + 8 = 0 ಎಂಬುದು ಯ = 2, ಯ = 4 ಎಂಬ ಎರಡು ಸಮಾಂತರ ರೇಖೆಗಳು. 8ರ ಬದಲು 9 ಇದ್ದರೆ ಒಂದೇ ರೇಖೆ, 10 ಇದ್ದರೆ ಏನೂ ಇಲ್ಲ.

ಇಲ್ಲಿಯವರೆಗಿನ ಎಲ್ಲ ನಿಯಮಗಳಿಗೂ ಒಂದು ಷರತ್ತಿದೆ: ಸಮೀಕರಣದಲ್ಲಿ ಕ್ಷ·ಯ ಪದ ಇರಬಾರದು. ಅದು ಬಂತೆಂದರೆ ವಕ್ರರೇಖೆ ಓರೆಯಾಗಿ ತಿರುಗಿದೆ ಎಂದರ್ಥ, ಆಗ ವರ್ಗಪದಗಳ ಚಿಹ್ನೆ ಮಾತ್ರ ನೋಡಿದರೆ ಸಾಲದು. ಎ·ಕ್ಷ² + ಬಿ·ಕ್ಷ·ಯ + ಸಿ·ಯ² + … = 0 ಎಂಬಲ್ಲಿ ಬಿ² − 4·ಎ·ಸಿ ಬೆಲೆ ನೋಡಬೇಕು. ಋಣವಾದರೆ ದೀರ್ಘವೃತ್ತದ ಜಾತಿ, ಸೊನ್ನೆಯಾದರೆ ಪರವಲಯದ್ದು, ಧನವಾದರೆ ಅತಿಪರವಲಯದ್ದು.

ಎಸ್ಸೆಸ್ಸೆಲ್ಸಿಯ ವರ್ಗಸಮೀಕರಣದ ಶೋಧಕವೇ ಇದು, ಇಲ್ಲಿ ಬಂದದ್ದು ಆಕಸ್ಮಿಕವಲ್ಲ. ಮೂಲಬಿಂದುವಿನಿಂದ ಬಹಳ ದೂರ ಹೋದಾಗ ಎರಡನೆಯ ಘಾತದ ಪದಗಳ (ಕ್ಷ², ಕ್ಷ·ಯ, ಯ²) ಎದುರು ಉಳಿದ ಪದಗಳು ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ವಕ್ರರೇಖೆ ಅನಂತಕ್ಕೆ ಹೋಗುವ ದಿಕ್ಕುಗಳನ್ನು ಎರಡನೆಯ ಘಾತದ ಪದಗಳೇ ತೀರ್ಮಾನಿಸುತ್ತವೆ. ಯ/ಕ್ಷ = ಟಿ ಎಂದಿಟ್ಟರೆ ಆ ದಿಕ್ಕುಗಳು ಸಿ·ಟಿ² + ಬಿ·ಟಿ + ಎ = 0 ಎಂಬುದರ ಮೂಲಗಳು. ವಾಸ್ತವ ಮೂಲವಿಲ್ಲದಿದ್ದರೆ ಹೋಗಲು ದಾರಿಯಿಲ್ಲ, ವಕ್ರರೇಖೆ ತನ್ನಲ್ಲೇ ಮುಚ್ಚಿಕೊಳ್ಳಬೇಕು, ಅದು ದೀರ್ಘವೃತ್ತ. ಒಂದೇ ದಿಕ್ಕಿದ್ದರೆ ಪರವಲಯ. ಎರಡಿದ್ದರೆ ಅತಿಪರವಲಯ, ಆ ಎರಡು ದಿಕ್ಕುಗಳೇ ಅನಂತಸ್ಪರ್ಶಕಗಳ ಓಟ.

ಕ್ಷ² + ಕ್ಷ·ಯ + ಯ² = 3 ಎಂಬ ಪುಟ್ಟ ಸಮೀಕರಣ ಮೂರು ಉತ್ತರಗಳನ್ನು ಹೊರಡಿಸುತ್ತದೆ. ವರ್ಗಪದಗಳ ಸಹಗುಣಕ ಸಮ ಎಂದು ನೋಡಿದವರು ವೃತ್ತ ಎನ್ನುತ್ತಾರೆ. ಕೆಲವು ಪುಸ್ತಕಗಳು ನಡುವಿನ ಪದವನ್ನು 2ಎಚ್·ಕ್ಷ·ಯ ಎಂದು ಬರೆದು ಎಚ್² − ಎ·ಬಿ ಪರೀಕ್ಷೆ ಕೊಡುತ್ತವೆ (ಅಲ್ಲಿ ಯ² ಪದದ ಸಹಗುಣಕ ಬಿ). ಅದನ್ನು ಓದಿದವರು ಎಚ್ = 1 ಎಂದು ತೆಗೆದುಕೊಂಡು 1 − 1 = 0, ಪರವಲಯ ಎನ್ನುತ್ತಾರೆ. ಎಚ್ ಇಲ್ಲಿ ½, ಬೆಲೆ ¼ − 1 = −¾. ಇನ್ನೊಂದು ರೂಪದಲ್ಲಿ 1 − 4 = −3. ಎರಡೂ ಋಣ, ಅದು ದೀರ್ಘವೃತ್ತ. ಅಕ್ಷಗಳನ್ನು 45 ಡಿಗ್ರಿ ತಿರುಗಿಸಿದರೆ ಅರ್ಧ ಅಕ್ಷಗಳು √6 ಮತ್ತು √2 ಎಂದು ಸಿಗುತ್ತವೆ. ನಡುವಿನ ಸಹಗುಣಕ ಒಂದನ್ನು 3 ಮಾಡಿ, ಆಗ 9 − 4 = 5, ಧನ. ವರ್ಗಪದಗಳೆರಡೂ ಧನವಾಗಿದ್ದೇ ಅದು ಅತಿಪರವಲಯವಾಗುತ್ತದೆ. ಕ್ಷ·ಯ = 12ರಲ್ಲಂತೂ ವರ್ಗಪದವೇ ಇಲ್ಲ, ಆದರೂ ಅತಿಪರವಲಯ.

‘ಜಾತಿ’ ಎಂದು ಬೇಕೆಂದೇ ಬರೆದೆ. ಕ್ಷ² + 2ಕ್ಷ·ಯ + ಯ² = 9ರಲ್ಲಿ ಶೋಧಕ ಸೊನ್ನೆ, ಆದರೆ ಎಡಗಡೆ (ಕ್ಷ + ಯ)² ಇರುವುದರಿಂದ ಕ್ಷ + ಯ = 3, ಕ್ಷ + ಯ = −3 ಎಂಬ ಎರಡು ರೇಖೆಗಳಷ್ಟೇ. ಶೋಧಕಕ್ಕೂ ಸ್ಥಿರಾಂಕ ಕಾಣುವುದಿಲ್ಲ.

ಇವೆಲ್ಲ ಶುರುವಾಗುವ ಮುಂಚೆಯೇ ಮಾಡಬೇಕಾದ ಕೆಲಸ ಎಲ್ಲ ಪದಗಳನ್ನೂ ಒಂದೇ ಕಡೆಗೆ ತರುವುದು. (ಕ್ಷ − 3)² + ಯ² = (ಕ್ಷ + 3)² ನೋಡಿ ವೃತ್ತ ಎಂದವರು ಬಹಳ. ಬಿಡಿಸಿದರೆ ಕ್ಷ² ಎರಡೂ ಕಡೆಯಿಂದ ಹೋಗಿ ಯ² = 12ಕ್ಷ ಉಳಿಯುತ್ತದೆ. ಯ = √(9 − ಕ್ಷ²) ಕೊಟ್ಟಾಗ ವರ್ಗ ಮಾಡಿ ‘ವೃತ್ತ’ ಎಂದು ಬರೆದರೆ ಅರ್ಧ ಉತ್ತರ. ವರ್ಗಮೂಲದ ಚಿಹ್ನೆ ಧನ ಬೆಲೆಯನ್ನೇ ಹೇಳುವುದರಿಂದ ಅದು ಮೇಲಿನ ಅರ್ಧವೃತ್ತ ಮಾತ್ರ.

ಅಭ್ಯಾಸಕ್ಕೆ ಸಮೀಕರಣಗಳ ಚಿತ್ರ ಬರೆದು ತೋರಿಸುವ ಜಿಯೋಜಿಬ್ರಾ ತಂತ್ರಾಂಶ ಒಳ್ಳೆಯದು. ಮೊದಲ ಸಮೀಕರಣದ ಕೊನೆಯ ಸ್ಥಿರಾಂಕಕ್ಕೆ ಒಂದು ಸ್ಲೈಡರ್ ಇಟ್ಟು 0ಯಿಂದ 100ರವರೆಗೆ ಎಳೆದರೆ ದೀರ್ಘವೃತ್ತ ಕುಗ್ಗುತ್ತಾ 72ರಲ್ಲಿ ಮುಗಿಯುವುದು ಕಾಣುತ್ತದೆ. ಅದಕ್ಕೂ ಮೊದಲು ಎರಡು ಅಕ್ಷಗಳ ಅಳತೆ 1ಕ್ಕೆ 1 ಇದೆಯೇ ಎಂದು ನೋಡಿಕೊಳ್ಳಿ. ಒಂದು ಅಕ್ಷ ಹಿಗ್ಗಿದ್ದರೆ ತೆರೆಯ ಮೇಲೆ ವೃತ್ತವೂ ದೀರ್ಘವೃತ್ತವಾಗಿ ಕಾಣುತ್ತದೆ.