ಅಮ್ಮ ಗೋಡೆ ಸ್ವಿಚ್ ಆರಿಸಿದರೆ ಸ್ಮಾರ್ಟ್ ಬಲ್ಬ್ ‘ಆಫ್‌ಲೈನ್’: ಏನು ಮಾಡೋದು?

ಪ್ರಶ್ನೆ: ಬನಶಂಕರಿಯಲ್ಲಿ ನಮ್ಮದು ಇಪ್ಪತ್ತು ವರ್ಷದ ಮನೆ. ಹಾಲಿಗೂ ರೂಮುಗಳಿಗೂ ಸ್ಮಾರ್ಟ್ ಬಲ್ಬ್ ಹಾಕಿದ್ದೇನೆ. ಆದರೆ ಅಮ್ಮ ಮಲಗುವ ಮುಂಚೆ ಗೋಡೆಯ ಸ್ವಿಚ್ ಆರಿಸಿಬಿಡುತ್ತಾರೆ. ಆಮೇಲೆ ಫೋನ್‌ನಲ್ಲಿ ಬರೀ ‘ಆಫ್‌ಲೈನ್’. ಗೋಡೆ ಒಡೆಯದೆ ಇದಕ್ಕೆ ದಾರಿ ಇದೆಯಾ?

ಉತ್ತರ: ಇದೆ. ಅಮ್ಮನಿಗೆ ಮಾತ್ರ ಏನೂ ಹೇಳಲು ಹೋಗಬೇಡಿ. ಸ್ವಿಚ್ ಇರುವುದೇ ಆರಿಸಲಿಕ್ಕೆ, ಅಲ್ವಾ? ಬಲ್ಬಿನೊಳಗಿನ ವೈಫೈ ಚಿಪ್‌ಗೆ ಸದಾ ಕರೆಂಟ್ ಬೇಕು. ಗೋಡೆಯಲ್ಲಿ ಆರಿಸಿದ ಕೂಡಲೇ ಅದೂ ಆರಿತು. ಸ್ವಿಚ್ ಮೇಲೆ ‘ಮುಟ್ಟಬೇಡಿ’ ಅಂತ ಟೇಪ್ ಅಂಟಿಸಿದ ಮನೆಗಳನ್ನು ನೋಡಿದ್ದೇನೆ. ಮೂರು ದಿನವೂ ನಡೆಯುವುದಿಲ್ಲ.

ಬಲ್ಬನ್ನು ಮಾಮೂಲಿ ಎಲ್‌ಇಡಿಗೆ ಬದಲಿಸಿ, ಜಾಣತನವನ್ನು ಸ್ವಿಚ್ಚಿನ ಹಿಂದೆ ಇಡಿ. ಬೆಂಕಿಪೊಟ್ಟಣದಷ್ಟಿರುವ, ವೈಫೈ ಮಾತು ಕೇಳಿ ಲೈಟು ಹಚ್ಚಿ ಆರಿಸುವ ರಿಲೇ ಮಾಡ್ಯೂಲ್‌ಗಳು ಬಿವಿಕೆ ಅಯ್ಯಂಗಾರ್ ರಸ್ತೆಯಲ್ಲೂ ಸಿಗುತ್ತವೆ, ಆನ್‌ಲೈನ್‌ನಲ್ಲೂ ಸಿಗುತ್ತವೆ. ಫೇಸ್ (ಕರೆಂಟ್ ತರುವ ವೈರು), ನ್ಯೂಟ್ರಲ್ (ಅದು ವಾಪಸ್ ಹೋಗುವ ವೈರು) ನೇರವಾಗಿ ಮಾಡ್ಯೂಲ್‌ಗೆ ಹೋಗುತ್ತವೆ, ಲೈಟಿನ ವೈರು ಅದರಿಂದ ಹೊರಡುತ್ತದೆ. ಹಳೇ ಸ್ವಿಚ್ಚಿನಿಂದ ಫೇಸ್, ಲೈಟಿನ ವೈರು ಬಿಚ್ಚಿ, ಬೇರೆ ಎರಡು ವೈರುಗಳು ಎಸ್1, ಎಸ್2 ಅನ್ನುವ ಪಿನ್‌ಗಳಿಗೆ. ಇನ್ನು ಮೇಲೆ ಸ್ವಿಚ್ ಕರೆಂಟ್ ತುಂಡರಿಸುವುದಿಲ್ಲ, ‘ಬದಲಿಸು’ ಅಂತ ಸೂಚನೆ ಕೊಡುತ್ತದೆ, ಅಷ್ಟೇ. ಅಮ್ಮ ಗೋಡೆಯಲ್ಲಿ ಆರಿಸಿದರೂ ನೀವು ಫೋನ್‌ನಿಂದ ಹಚ್ಚಬಹುದು. ವೈಫೈ ಹೋದರೂ ಗೋಡೆಯ ಸ್ವಿಚ್ ಕೆಲಸ ಮಾಡುತ್ತದೆ. ನನ್ನ ಪ್ರಕಾರ ಈ ಕೊನೆಯದೇ ಮುಖ್ಯ. ಫೋನ್ ಇಲ್ಲದ ನೆಂಟರೂ ಬಚ್ಚಲಿನ ಲೈಟು ಹಚ್ಚಿಕೊಳ್ಳುವಂತಿರಬೇಕು.

‘ನಮ್ಮ ಬೋರ್ಡಿನಲ್ಲಿ ನ್ಯೂಟ್ರಲ್ ಇದೆಯಾ?’ ಇದು ಮುಂದಿನ ಪ್ರಶ್ನೆ. ಆ ಬೋರ್ಡಿನಲ್ಲೇ ಪ್ಲಗ್ ಪಾಯಿಂಟ್ ಇದ್ದರೆ ನ್ಯೂಟ್ರಲ್ ಇದ್ದೇ ಇರುತ್ತದೆ. ನಮ್ಮ ಮನೆಗಳ ಅನುಕೂಲವೇ ಅದು. ಆದರೆ ಬೆಂಗಳೂರಿನ ಮನೆಗಳಲ್ಲಿ ಇಲ್ಲೊಂದು ಸಿಕ್ಕು ಇದೆ. ಎಷ್ಟೋ ಕಡೆ ಲೈಟು, ಫ್ಯಾನು ಯುಪಿಎಸ್ ಲೈನಿನಲ್ಲಿರುತ್ತವೆ, ಪ್ಲಗ್ ಮಾತ್ರ ಮೇನ್ಸ್‌ನಲ್ಲಿ. ಯುಪಿಎಸ್ ಫೇಸ್‌ಗೆ ಪ್ಲಗ್‌ನ ನ್ಯೂಟ್ರಲ್ ಜೋಡಿಸಿದರೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಪದೇ ಪದೇ ಟ್ರಿಪ್ ಆಗಬಹುದು. ಫೇಸ್ ಯಾವ ಲೈನಿನದೋ ನ್ಯೂಟ್ರಲ್ ಕೂಡ ಅದೇ ಲೈನಿನದಾಗಿರಬೇಕು. ವೈರಿನ ಬಣ್ಣ ನಂಬಬೇಡಿ, ಹಳೇ ಮನೆಯಲ್ಲಿ ಕೈಗೆ ಸಿಕ್ಕ ಬಣ್ಣ ಎಳೆದಿರುತ್ತಾರೆ. ಎಂಸಿಬಿ (ಮೇನ್ ಬೋರ್ಡಿನಲ್ಲಿ ಆ ಲೈನಿನ ಸ್ವಿಚ್) ಮತ್ತು ಯುಪಿಎಸ್ ಎರಡನ್ನೂ ಆರಿಸಿ, ಟೆಸ್ಟರ್ ಇಟ್ಟು ನೋಡಿಯೇ ಬೋರ್ಡ್ ಬಿಚ್ಚಬೇಕು. ಈ ಕೆಲಸಕ್ಕೆ ಎಲೆಕ್ಟ್ರಿಷಿಯನ್‌ರನ್ನೇ ಕರೆಯಿರಿ. ವೈರಿಂಗ್ ಚಿತ್ರ ಮಾಡ್ಯೂಲ್ ಮೇಲೇ ಅಚ್ಚಾಗಿರುತ್ತದೆ, ಅವರಿಗೆ ತೋರಿಸಿ. ಕೆಲವು ಮಾಡ್ಯೂಲ್‌ಗಳಲ್ಲಿ ಎಸ್1, ಎಸ್2ಗೆ ಫೇಸ್ ತಾಗಿದರೆ ಸುಟ್ಟೇ ಹೋಗುತ್ತದೆ.

ನ್ಯೂಟ್ರಲ್ ಇಲ್ಲದೆಯೂ ನಡೆಯುವ ಸ್ವಿಚ್‌ಗಳಿವೆ. ಅವು ಲೈಟಿನ ಮೂಲಕವೇ ಚೂರು ಕರೆಂಟ್ ಹರಿಸಿಕೊಳ್ಳುತ್ತವೆ. ಹಾಗಾಗಿ ಚಿಕ್ಕ ಎಲ್‌ಇಡಿ ಆರಿಸಿದ ಮೇಲೂ ಮಿಣುಕುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಅದು.

ಮಾಡ್ಯೂಲನ್ನು ಯಾವುದಕ್ಕೆ ಹಾಕಬಾರದು ಅನ್ನುವುದೂ ಗೊತ್ತಿರಲಿ. ಗೀಸರ್ 3,000 ವ್ಯಾಟಿನದಾದರೆ 230 ವೋಲ್ಟಿನಲ್ಲಿ 13 ಆಂಪಿಯರ್ ಎಳೆಯುತ್ತದೆ. 10 ಆಂಪಿಯರಿನ ಪುಟ್ಟ ಮಾಡ್ಯೂಲ್ ಅದಕ್ಕಲ್ಲ. ಸಂಪ್ ಮೋಟರ್ ಶುರುವಾಗುವಾಗ ಮಾಮೂಲಿಗಿಂತ ಹಲವು ಪಟ್ಟು ಎಳೆಯುತ್ತದೆ, ಅದಕ್ಕೆ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟ್ ತಾಳುವ ದೊಡ್ಡ ರಿಲೇ) ಬೇಕು. ಫ್ಯಾನಿಗೆ ಲೈಟಿನ ಡಿಮ್ಮರ್ ಕೊಡಬೇಡಿ, ಗುಂಯ್ ಅನ್ನುತ್ತದೆ.

ಇನ್ನು ಫೋನಿನ ಕಡೆ. ವೈಫೈ 2.4, 5 ಗಿಗಾಹರ್ಟ್ಸ್ ಅಂತ ಬೇರೆ ಬೇರೆ ತರಂಗಗಳಲ್ಲಿ ಬರುತ್ತದೆ. ಇಂಥ ಸಾಮಾನುಗಳಲ್ಲಿ ಜಾಸ್ತಿ ಪಾಲು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ಜೋಡಣೆ ಆಗುತ್ತಿಲ್ಲ ಅಂದರೆ ಮೊದಲು ನಿಮ್ಮ ಫೋನ್ 5 ಗಿಗಾಹರ್ಟ್ಸ್‌ನಲ್ಲಿದೆಯಾ ನೋಡಿ. ಬೋರ್ಡಿನ ಹಿಂದೆ ಕಬ್ಬಿಣದ ಬಾಕ್ಸ್ ಇದ್ದರೆ ಸಿಗ್ನಲ್ ಇನ್ನೂ ಸೊರಗುತ್ತದೆ.

ಆಟೊಮೇಷನ್ ಅಂತ ಮೊದಲ ದಿನವೇ ಇಪ್ಪತ್ತು ನಿಯಮ ಬರೆಯಬೇಡಿ. ಗೇಟಿನ ಲೈಟಿನಿಂದ ಶುರು ಮಾಡಿ. ಅದನ್ನೂ ಗಂಟೆಗೆ ಕಟ್ಟಬೇಡಿ, ಸೂರ್ಯಾಸ್ತಕ್ಕೆ ಕಟ್ಟಿ. ನಮ್ಮೂರಲ್ಲಿ ನವೆಂಬರಿನಲ್ಲಿ 5:50ರ ಹೊತ್ತಿಗೆ ಸೂರ್ಯ ಮುಳುಗಿದರೆ ಜುಲೈನಲ್ಲಿ 6:50ರ ಹತ್ತಿರ. ಒಂದು ಗಂಟೆ ವ್ಯತ್ಯಾಸ! ಮೆಟ್ಟಿಲಿಗೆ ಚಲನೆ ಗುರುತಿಸುವ ಪಿಐಆರ್ ಸೆನ್ಸರ್ ಚೆನ್ನಾಗಿ ಒಗ್ಗುತ್ತದೆ. ಟಾಯ್ಲೆಟ್ಟಿಗೆ ಬೇಡ. ಸುಮ್ನೆ ಕೂತವರು ಅದಕ್ಕೆ ಕಾಣಿಸುವುದಿಲ್ಲ, ಕತ್ತಲಲ್ಲಿ ಕೈ ಬೀಸುತ್ತಾ ಕೂರಬೇಕಾಗುತ್ತದೆ.

ಆ್ಯಪ್‌ನಲ್ಲಿ ಮರೆಯದೆ ನೋಡಬೇಕಾದದ್ದು, ಕರೆಂಟ್ ಹೋಗಿ ಬಂದಾಗ ಏನಾಗಬೇಕು ಅನ್ನುವ ಸೆಟ್ಟಿಂಗ್. ನನ್ನ ಹಳೇ ಸ್ಮಾರ್ಟ್ ಬಲ್ಬ್‌ಗಳಲ್ಲಿ ಅದನ್ನು ನೋಡಿರಲಿಲ್ಲ. ರಾತ್ರಿ ಎರಡೂವರೆಗೆ ಹೋಗಿದ್ದ ಕರೆಂಟ್ ಬಂತು, ಮೂರು ರೂಮಿನ ಬಲ್ಬುಗಳೂ ಝಗ್ಗನೆ ಹತ್ತಿಕೊಂಡವು. ಮಗು ಎದ್ದದ್ದು ಬೆಳಗಿನವರೆಗೆ ಮಲಗಲಿಲ್ಲ. ‘ಹಿಂದಿನ ಸ್ಥಿತಿ’ ಅಂತ ಇಡಿ.

ಮಾಡ್ಯೂಲ್ ಹಾಕಿದ ಮೇಲೆ ಅಮ್ಮನಿಂದ ಒಂದು ದೂರು ಬಂದೇ ಬರುತ್ತದೆ. ಸ್ವಿಚ್ ಕೆಳಗಿದ್ದರೆ ಆನ್ ಅನ್ನುವ ಲೆಕ್ಕ ತಪ್ಪುತ್ತದೆ. ಫೋನ್‌ನಿಂದ ಆರಿಸಿದಾಗ ಗೋಡೆಯ ಸ್ವಿಚ್ ಇದ್ದಲ್ಲೇ ಇರುತ್ತದೆ, ಮುಂದಿನ ಸಲ ಮೇಲೆ ಮಾಡಿದರೆ ಹತ್ತುತ್ತದೆ. ಎಷ್ಟು ಸಲ ಒತ್ತಿದರೂ ಅದು ಉಲ್ಟಾನೇ. ಫೋನ್‌ನಿಂದ ಒಮ್ಮೆ ಬದಲಿಸಿದರೆ ಮಾತ್ರ ನೇರವಾಗುತ್ತದೆ. ನಮ್ಮತ್ತೆ ಈಗಲೂ ಅಡುಗೆಮನೆಯಿಂದ ಕೂಗುತ್ತಾರೆ: “ಈ ಸ್ವಿಚ್ಚು ಮತ್ತೆ ತಲೆಕೆಳಗಾಯ್ತು, ಒಂದ್ಸಲ ನಿನ್ನ ಫೋನ್ ಒತ್ತಮ್ಮ.”