ಫೈಟರ್ ವಿಮಾನಕ್ಕೆ ಬಾಂಬು ಕಟ್ಟಿದರೆ ಸಾಕಾ?

ಪ್ರಶ್ನೆ: ಆಕಾಶದಲ್ಲಿ ಶತ್ರು ವಿಮಾನ ಹೊಡೆಯೋಕೆ ಅಂತಲೇ ಮಾಡಿದ ಫೈಟರ್‌ಗೆ ರೆಕ್ಕೆ ಕೆಳಗೆ ಬಾಂಬು ಕಟ್ಟಿಬಿಟ್ಟರೆ ನೆಲದ ಗುರಿ ಹೊಡೆಯೋಕೆ ಆಗಲ್ವಾ? ಅದಕ್ಕೆ ಅಷ್ಟೊಂದು ವರ್ಷ, ಅಷ್ಟೊಂದು ಖರ್ಚು ಯಾಕೆ?
– ಬೀದರ್‌ನ ಓದುಗರೊಬ್ಬರು

ವಾಯುನೆಲೆ ಇರುವ ಊರಲ್ಲಿ ಈ ಪ್ರಶ್ನೆ ಹುಟ್ಟದೇ ಇದ್ದರೇ ಆಶ್ಚರ್ಯ. ಚೌಬಾರಾ ಹತ್ತಿರ ಚಹಾ ಕುಡಿಯುವಾಗ ನಾನೂ ಇದನ್ನು ಎಷ್ಟೋ ಸಲ ಕೇಳಿದ್ದೇನೆ.

ಬಾಂಬು ಕಟ್ಟೋದಂತೂ ಆಗುತ್ತೆ. 1971ರ ಬಾಂಗ್ಲಾ ಯುದ್ಧದಲ್ಲಿ ನಮ್ಮವರು ಮಾಡಿದ್ದು ಅದನ್ನೇ. ಮಿಗ್-21 ಮೂಲತಃ ಶತ್ರು ವಿಮಾನವನ್ನು ಆಕಾಶದಲ್ಲೇ ತಡೆಯೋಕೆ ಮಾಡಿದ್ದು. ಅದೇ ವಿಮಾನ ಢಾಕಾದ ತೇಜಗಾಂವ್ ರನ್‌ವೇ ಮೇಲೆ ಬಾಂಬು ಹಾಕಿತು. ಡಿಸೆಂಬರ್ 14ರಂದು ಅಲ್ಲಿನ ಗವರ್ನರ್ ಹೌಸ್ ಮೇಲೆ ರಾಕೆಟ್ ಬಿಟ್ಟಿತು. ಪೈಲಟ್‌ಗಳ ಹತ್ತಿರ ಇದ್ದದ್ದು ಪ್ರವಾಸಿಗರು ಬಳಸುವ ನಕ್ಷೆ. ಕಣ್ಣಲ್ಲೇ ಗುರಿ ಹುಡುಕಿ ಹೊಡೆದರು. ಹಗಲಿತ್ತು, ಕಟ್ಟಡ ದೊಡ್ಡದಿತ್ತು, ಕೆಳಗಿಳಿದು ಹಾರೋಕೆ ಅವಕಾಶ ಇತ್ತು. ಅದೇ ಗುರಿ ಬೆಟ್ಟದ ತುದಿಯ ಒಂದು ಪುಟ್ಟ ಬಂಕರ್ ಆಗಿದ್ದರೆ?

ಕಷ್ಟ ಶುರುವಾಗೋದು ಅಲ್ಲೇ. ಓಡುವ ಬಸ್ಸಿನ ಕಿಟಕಿಯಿಂದ ಕೈಬಿಟ್ಟ ವಸ್ತು ಮುಂದಕ್ಕೆ ಹೋಗಿ ಬೀಳುತ್ತೆ ಅಲ್ವಾ, ಬಾಂಬೂ ಹಾಗೆಯೇ. ಗಂಟೆಗೆ 900 ಕಿ.ಮೀ. ವೇಗದಲ್ಲಿ, 6 ಕಿ.ಮೀ. ಎತ್ತರದಲ್ಲಿ ಬಿಟ್ಟರೆ ನೆಲ ಮುಟ್ಟೋಕೆ ಸುಮಾರು 35 ಸೆಕೆಂಡ್ ಬೇಕು. ಗಾಳಿಯ ತಡೆ ಲೆಕ್ಕಕ್ಕೆ ಹಿಡಿಯದಿದ್ದರೆ ಅಷ್ಟರಲ್ಲಿ ಅದು ಸುಮಾರು ಎಂಟೂಮುಕ್ಕಾಲು ಕಿ.ಮೀ. ಮುಂದೆ ಹೋಗಿರುತ್ತೆ. ಬಿಡುವ ಕ್ಷಣದಲ್ಲಿ ಅರ್ಧ ಸೆಕೆಂಡ್ ತಪ್ಪಿದರೂ ಬೀಳುವ ಜಾಗ ನೂರಿಪ್ಪತ್ತೈದು ಮೀಟರ್ ಆಚೀಚೆ. ಅದಕ್ಕೇ ಬಾಂಬಿಗಿಂತ ಮೊದಲು ವಿಮಾನಕ್ಕೆ ನೆಲ ನೋಡುವ ಕಣ್ಣು ಬೇಕು, ಈ ಲೆಕ್ಕ ಹಾಕುವ ಕಂಪ್ಯೂಟರ್ ಬೇಕು.

ಕಾರ್ಗಿಲ್ ಇದಕ್ಕೆ ಅತ್ಯುತ್ತಮ ಉದಾಹರಣೆ. 1985ರಲ್ಲಿ ನಮಗೆ ಬಂದ ಮಿರಾಜ್-2000 ಆಗ ಮುಖ್ಯವಾಗಿ ಪಾಕಿಸ್ತಾನದ ಎಫ್-16ಗೆ ಉತ್ತರ. 1999ರ ಮೇ 27 ಮತ್ತು 28ರಂದು ಒಂದು ಮಿಗ್-21, ಒಂದು ಎಂಐ-17 ಹೆಲಿಕಾಪ್ಟರ್ ಹೆಗಲ ಮೇಲಿಟ್ಟು ಹೊಡೆಯುವ ಕ್ಷಿಪಣಿಗೆ ಬಲಿಯಾದವು. ಇನ್ನು ಆ ಕ್ಷಿಪಣಿಗೆ ಸಿಗದಷ್ಟು ಮೇಲಿಂದಲೇ ಹೊಡೆಯಬೇಕಿತ್ತು. ಟೈಗರ್ ಹಿಲ್ ತುದಿಯೇ 16,500 ಅಡಿ ಆಸುಪಾಸು. ಅಲ್ಲಿ ಗಾಳಿ ತೆಳು. ಬಯಲಿನ ಲೆಕ್ಕದಂತೆ ಬಾಂಬು ಬೀಳೋದಿಲ್ಲ.

ಆಗ ಮಿರಾಜ್‌ಗೆ ಇಸ್ರೇಲ್‌ನ ಲೈಟನಿಂಗ್ ಪಾಡ್ ಅನ್ನು ತರಾತುರಿಯಲ್ಲಿ ಜೋಡಿಸಿದರು. ವಿಮಾನದ ಹೊಟ್ಟೆಗೆ ತಗುಲಿಸುವ ಉದ್ದನೆಯ ಡಬ್ಬಿ ಅದು. ಒಳಗೆ ಕ್ಯಾಮೆರಾ, ಶಾಖ ನೋಡುವ ಇನ್‌ಫ್ರಾರೆಡ್ ಕಣ್ಣು, ಲೇಸರ್. ಪೈಲಟ್ ಕಾಕ್‌ಪಿಟ್ ಪರದೆಯಲ್ಲಿ ಶತ್ರುವಿನ ಡೇರೆ ನೋಡಿ ಅದರ ಮೇಲೆ ಲೇಸರ್ ಇಡುತ್ತಾನೆ. ಬಾಂಬಿನ ಮೂತಿಯಲ್ಲಿರುವ ಸೆನ್ಸರ್ ಆ ಬೆಳಕಿನ ಚುಕ್ಕೆ ಹುಡುಕುತ್ತೆ, ಪುಟ್ಟ ರೆಕ್ಕೆ ಅಲ್ಲಾಡಿಸಿ ಅತ್ತ ತಿರುಗುತ್ತೆ. ಬಾಂಬು ಬೀಳುವವರೆಗೂ ಚುಕ್ಕೆ ಕದಲಬಾರದು. ನಡುವೆ ಮೋಡ ಬಂತೋ, ಕೆಲಸ ಕೆಟ್ಟಿತು. ಜೂನ್ 17ರಂದು ಮುಂಥೋ ಢಾಲೋದ ಶತ್ರು ಶಿಬಿರದ ಮೇಲೆ ಮಿರಾಜ್‌ಗಳು ಹಾಕಿದ್ದು ಸಾದಾ ಬಾಂಬು. ಜೂನ್ 24ರಂದು ಟೈಗರ್ ಹಿಲ್ ಮೇಲೆ ಬಿದ್ದದ್ದು ಲೇಸರ್ ಬಾಂಬು. ಯುದ್ಧದ ನಡುವೆಯೇ ಇಷ್ಟು ಮಾಡಿದ ನಮ್ಮ ಎಂಜಿನಿಯರ್‌ಗಳು, ತಂತ್ರಜ್ಞರ ಹೆಸರು ಪೈಲಟ್‌ಗಳ ಹೆಸರಿನಷ್ಟು ಕೇಳಿಬರೋದಿಲ್ಲ ಅನ್ನೋದು ನನ್ನ ಕೊರಗು.

ಬಾಂಬು ಬಿಡೋದೂ ಸುಮ್ನೆ ಕೊಂಡಿ ಕಳಚಿದ ಹಾಗಲ್ಲ. ಆ ವೇಗದಲ್ಲಿ ರೆಕ್ಕೆ ಕೆಳಗಿನ ಗಾಳಿ ಬಾಂಬನ್ನು ತಿರುಗಿಸಿ ವಿಮಾನಕ್ಕೇ ಬಡಿಯಬಹುದು. ಹಾಗಾಗಿ ಸಣ್ಣ ಸಿಡಿಮದ್ದಿನ ಬಲದಿಂದ ಅದನ್ನು ಕೆಳಕ್ಕೆ ತಳ್ಳುತ್ತಾರೆ. ಪ್ರತಿ ಬಾಂಬು, ಪ್ರತಿ ವೇಗಕ್ಕೂ ಬೇರೆ ಪರೀಕ್ಷೆ. ವರ್ಷಗಳು ಜಾಸ್ತಿ ಹೋಗೋದು ಇಲ್ಲೇ.

ಆಮೇಲೆ ಮೈ ಗಟ್ಟಿ ಮಾಡಬೇಕು. ಅಮೆರಿಕದ ಎಫ್-15 ಬರೀ ಆಕಾಶ ಕಾಳಗಕ್ಕೆಂದು ರೂಪುಗೊಂಡಿತ್ತು. 1986ರಲ್ಲಿ ಮೊದಲು ಹಾರಿದ ಎಫ್-15ಇಯಲ್ಲಿ ಚೌಕಟ್ಟು ಬಲಪಡಿಸಿ, ಮೈಗಂಟಿದ ಹೆಚ್ಚುವರಿ ಇಂಧನ ಟ್ಯಾಂಕ್ ಕೊಟ್ಟು, ಆಯುಧ ನೋಡಿಕೊಳ್ಳೋಕೆ ಹಿಂದಿನ ಸೀಟಿನಲ್ಲಿ ಇನ್ನೊಬ್ಬರನ್ನು ಕೂರಿಸಿದರು. ಗರಿಷ್ಠ ತೂಕ 36 ಟನ್ ದಾಟಿತು. ನಮ್ಮ ಸುಖೋಯ್-30ಗೂ ಎರಡೂವರೆ ಟನ್‌ನ ಬ್ರಹ್ಮೋಸ್ ಹೊರಲು ಮೈ ಗಟ್ಟಿ ಮಾಡಬೇಕಾಯಿತು. 2017ರ ನವೆಂಬರ್ 22ರಂದು ಅದು ಮೊದಲ ಸಲ ಆ ಕ್ಷಿಪಣಿ ಹಾರಿಸಿತು.

ಪೈಲಟ್ ಕೂಡ ಬದಲಾಗಬೇಕು. ಗುರಿಯನ್ನೇ ದಿಟ್ಟಿಸುತ್ತಾ ನೆಲ ಹತ್ತಿರ ಬಂದದ್ದು ಗೊತ್ತಾಗದೆ ಅಪ್ಪಳಿಸಿದ ಪೈಲಟ್‌ಗಳು ಹಲವು ದೇಶಗಳಲ್ಲಿದ್ದಾರೆ. ಡೈವ್ ಹೊಡೆದು, ಗುರಿ ಇಟ್ಟು, ಸರಿಯಾದ ಎತ್ತರಕ್ಕೆ ಮೇಲೆಳೆಯೋ ಅಭ್ಯಾಸ ತರಬೇತಿಯಲ್ಲೇ ಮೈಗೂಡಬೇಕು. ಬೀದರ್‌ನಲ್ಲಿ 2008ರಿಂದ ಹಾಕ್ ವಿಮಾನದಲ್ಲಿ ಕಲಿಯುವ ಹುಡುಗ ಹುಡುಗಿಯರು ಮುಂದೆ ಫೈಟರ್ ಏರುವವರು.

ಇಷ್ಟೆಲ್ಲ ಆದರೂ ಒಂದು ನಷ್ಟ ಉಳಿಯುತ್ತೆ. ಬಾಂಬು ಹೊತ್ತ ಫೈಟರ್ ಭಾರವಾಗುತ್ತೆ, ಮೊದಲಿನಷ್ಟು ಚುರುಕಾಗಿ ತಿರುಗೋದಿಲ್ಲ. ಎದುರು ಶತ್ರು ವಿಮಾನ ಬಂದರೆ ಬಾಂಬನ್ನು ಅಲ್ಲೇ ಬಿಸಾಡಿ ಕಾದಾಡಬೇಕಾಗಬಹುದು. ಹಾಗಾಗಿ ಕಾವಲಿಗೆ ಬೇರೆ ಫೈಟರ್‌ಗಳನ್ನೂ ಕಳಿಸುತ್ತಾರೆ. ಈಗಿನ ವಾಯುಪಡೆಗಳು ಎರಡೂ ಕೆಲಸವನ್ನು ಮೊದಲ ನಕ್ಷೆಯಲ್ಲೇ ಸೇರಿಸಿ ಎಂದು ಕೇಳುತ್ತವೆ. 2020ರಲ್ಲಿ ನಮಗೆ ಬರತೊಡಗಿದ ರಫೇಲ್ ಹಾಗೆ ಹುಟ್ಟಿದ ವಿಮಾನ.